ಗ್ರೀಸ್ ಮೆತ್ತಿದ ಮಾರ್ಟಿನಿ-ಹೆನ್ರಿ: ತರಿಸಿ, ಉಜ್ಜಿ, ಓದಿದ ಮೇಲೆ

ಮಾರ್ಚ್‌ನಲ್ಲಿ ನಮ್ಮ ಮನೆ ಬಾಗಿಲಿಗೆ ನನ್ನ ಎದೆಮಟ್ಟದ ರಟ್ಟಿನ ಪೆಟ್ಟಿಗೆ ಬಂತು. "ಕರ್ಟನ್ ರಾಡ್ ತರಿಸಿದ್ರಾ?" ಅಂತ ಹೆಂಡತಿ ಕೇಳಿದಳು. ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಒಳಗಿದ್ದದ್ದು ಬ್ರಿಟಿಷ್ ಸೇನೆಯ ಹಳೇ ಮಾರ್ಟಿನಿ-ಹೆನ್ರಿ ರೈಫಲ್, ಅದರ ನಾಲ್ಕನೇ ಮಾದರಿ, ಅಂದರೆ ಮಾರ್ಕ್ 4. ನಾನಿರುವುದು ಅಮೆರಿಕದ ಒಹಾಯೋದಲ್ಲಿ. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು ಇಲ್ಲಿನ ಕೇಂದ್ರ ಕಾನೂನು 'ಆಂಟಿಕ್' (ಹಳೇ ಕಾಲದ ವಸ್ತು) ಅಂತ ಮಾಮೂಲಿ ಬಂದೂಕಿನಿಂದ ಬೇರೆ ಇಡುತ್ತದೆ. ಹಾಗಾಗಿ ಸೀದಾ ಮನೆಗೇ ಬಂತು. ಕೆಲವು ರಾಜ್ಯಗಳಲ್ಲಿ ನಿಯಮ ಬಿಗಿ, ನೋಡಿಕೊಳ್ಳಿ. ಊರಲ್ಲಿ ಕೂತು ಇದನ್ನು ಓದುತ್ತಿರುವವರು ಮಾತ್ರ ಆರ್ಡರ್ ಮಾಡಲು ಹೊರಡಬೇಡಿ. ಅಲ್ಲಿನ ಕಾನೂನೇ ಬೇರೆ.

ಈ ರೈಫಲ್ ಬಂದದ್ದು ಕಠ್ಮಂಡುವಿನಿಂದ. ಅಲ್ಲಿನ ಲಗನ್ ಸಿಲೇಖಾನಾ ಅನ್ನುವ ಹಳೇ ಅರಮನೆಯಲ್ಲಿ ನೇಪಾಳದ ಸೇನೆಯ ಹಳೇ ಬಂದೂಕುಗಳು ರಾಶಿ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಅದನ್ನು ಕೊಂಡು ತಂದರು. ಆಮೇಲೆ ಆ ಮಾಲು ಎಷ್ಟೋ ಕೈ ದಾಟಿದೆ. ನನಗೆ ಮಾರಿದ್ದು ಮೂರನೆಯದೋ ನಾಲ್ಕನೆಯದೋ ಕೈಯ ಒಂದು ಸಣ್ಣ ಅಂಗಡಿ. ಹೆಸರು ಬೇಡ, ಬೈಯುವುದು ಇದೆ.

ಅಂಗಡಿಯಲ್ಲಿ ಎರಡು ಬಗೆ ಇತ್ತು. ಒಂದು ತೊಳೆದು ಹೊಳಪು ಕೊಟ್ಟದ್ದು. ಇನ್ನೊಂದು ಸಿಕ್ಕಿದ ಹಾಗೇ, ಕೊಳೆಯ ಸಮೇತ, ಕಡಿಮೆ ಬೆಲೆಗೆ. ನಾನು ಕೊಳೆಯದ್ದೇ ತಗೊಂಡೆ. ಜೊತೆಗೆ 40 ಡಾಲರ್ ಜಾಸ್ತಿ ಕೊಟ್ಟರೆ 'ಕೈಯಿಂದ ಆರಿಸಿ' ಕಳಿಸುತ್ತೇವೆ ಅಂದರು. ಕೊಟ್ಟೆ.

ಆರಿಸಿದವರ ಕೈ ಯಾವುದೋ, ಕಣ್ಣಂತೂ ಇರಲಿಲ್ಲ. ಬಟ್, ಅಂದರೆ ಹೆಗಲಿಗೆ ಒರಗಿಸುವ ಹಿಂಬದಿಯ ಮರ, ಸಣ್ಣಗಾಗುವ ಜಾಗದಲ್ಲಿ, ಸರಿಯಾಗಿ ಕೈ ಹಿಡಿಯುವಲ್ಲಿ, ಮರ ಬಿರುಕು ಬಿಟ್ಟಿತ್ತು. ನಳಿಕೆ ಕೆಳಗೆ ಇರಬೇಕಾದ ಕ್ಲೀನಿಂಗ್ ರಾಡ್ ಇರಲೇ ಇಲ್ಲ. ವಿವರದಲ್ಲಿ 'ಎಲ್ಲ ಭಾಗ ಇದೆ' ಅಂತ ಬರೆದಿದ್ದರು. ಇಮೇಲ್ ಹಾಕಿದೆ. ಒಂಬತ್ತು ದಿನ ಸದ್ದಿಲ್ಲ. ಎರಡನೇ ಇಮೇಲ್‌ಗೆ ಬೇರೆ ರಾಡ್ ಕಳಿಸಿದರು, ಅದೂ ಎರಡು ಇಂಚು ಗಿಡ್ಡ. ಬಿರುಕಿಗೆ ಮಾತ್ರ 'ನೂರು ವರ್ಷದ ಮರ ಸಾರ್' ಅನ್ನುವ ಧಾಟಿಯ ಉತ್ತರ. ಮರ ಹಳೆಯದು ಸರಿ. ನಾನು ಕೊಟ್ಟ 40 ಡಾಲರ್ ಹೊಸದೇ ಅಲ್ವಾ?

ಇನ್ನು ಕೊಳೆ. ಗ್ರೀಸ್ ಮತ್ತು ಧೂಳು ಸೇರಿ ಒಣಗಿ, ಒಲೆ ಹಿಂದಿನ ಗೋಡೆಯ ಜಿಡ್ಡಿನ ಹಾಗೆ ಕೂತಿತ್ತು. ಮೂರು ವಾರಾಂತ್ಯ ಗ್ಯಾರೇಜಿನಲ್ಲಿ ಕಳೆದೆ. ಮಿನರಲ್ ಸ್ಪಿರಿಟ್, ಹಳೇ ಟೂತ್‌ಬ್ರಷ್, ಅಮ್ಮನ ಹಳೇ ಕಾಟನ್ ಸೀರೆಯ ಚಿಂದಿ, ತುಕ್ಕಿಗೆ ಎಣ್ಣೆಯಲ್ಲಿ ಅದ್ದಿದ 0000 ನಂಬರಿನ ಸ್ಟೀಲ್ ವುಲ್. ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ. ಮರದ ಮೇಲಿನ ಮುದ್ರೆ ಒಮ್ಮೆ ಹೋದರೆ ಹೋಯಿತು, ಬೆಲೆಯೂ ಅದರ ಹಿಂದೆಯೇ ಹೋಗುತ್ತದೆ. ವಾಲ್‌ನಟ್ ಮರಕ್ಕೆ ಕೊನೆಯಲ್ಲಿ ಅಗಸೆ ಎಣ್ಣೆ ತಿಕ್ಕಿದೆ. ಎರಡನೇ ಶನಿವಾರ ಬಲಮಗ್ಗುಲಿನ ಕಬ್ಬಿಣದಲ್ಲಿ ಕಿರೀಟ ಕಂಡಿತು. ಅದರ ಕೆಳಗೆ ವಿ.ಆರ್., ಅಂದರೆ ವಿಕ್ಟೋರಿಯಾ ರಾಣಿ. ಆಮೇಲೆ ಎನ್‌ಫೀಲ್ಡ್, 1887. ಕಾಫಿ ತಣ್ಣಗಾಗಿದ್ದೂ ಗೊತ್ತಾಗಲಿಲ್ಲ.

ಯಂತ್ರದ ಸೊಗಸು ಹೇಳದೆ ಇರಲಾರೆ. ಹಳೇ ಬಂದೂಕುಗಳ ಹಾಗೆ ಹೊರಗೆ ಹ್ಯಾಮರ್ (ಹೊಡೆಯುವ ಸುತ್ತಿಗೆ) ಇಲ್ಲ. ಕೆಳಗಿನ ಲಿವರ್ ಎಳೆದರೆ ನಳಿಕೆಯ ಹಿಂಬಾಯಿ ಮುಚ್ಚುವ ಒಳಗಿನ ಬ್ಲಾಕಿನ ಮುಂದಿನ ತುದಿ ಕೆಳಗೆ ಇಳಿಯುತ್ತದೆ. ತೋಟಾ ಹಾಕಿ ಲಿವರ್ ಮೇಲೆತ್ತಿದರೆ ಮುಗಿಯಿತು. ಒಂದು ಸಲಕ್ಕೆ ಒಂದೇ ಗುಂಡು. ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡದ್ದು ಇದನ್ನೇ. ಮಾರ್ಟಿನಿ ಈ ಯಂತ್ರ ರೂಪಿಸಿದವನು, ಹೆನ್ರಿ ನಳಿಕೆಯ ಒಳಗೆ ಗುಂಡನ್ನು ತಿರುಗಿಸುವ ಏಳು ಗೀರು ರೂಪಿಸಿದವನು. ಸುಮಾರು 31 ಗ್ರಾಮಿನ ಸೀಸದ ಗುಂಡು, ಕರಿ ಮದ್ದು, ತೆಳು ಹಿತ್ತಾಳೆ ಸುತ್ತಿ ಮಾಡಿದ ತೋಟಾ. ಬ್ರಿಟಿಷರು ಸೂಡಾನಿನಲ್ಲಿ ಯುದ್ಧ ಮಾಡುವಾಗ ಆ ತೆಳು ತೋಟಾ ಅಲ್ಲಿನ ಬಿಸಿ, ಮರಳಿನಲ್ಲಿ ಒಳಗೇ ಕಚ್ಚಿಕೊಳ್ಳುತ್ತಿತ್ತು. ಕಿತ್ತು ತೆಗೆಯಲು ಹೆಚ್ಚು ಬಲ ಸಿಗಲಿ ಅಂತ ಮಾರ್ಕ್ 4ಕ್ಕೆ ಉದ್ದ ಲಿವರ್ ಬಂತು. ಪುಸ್ತಕದಲ್ಲಿ ಓದಿದ್ದೆ. ಕೈಯಲ್ಲಿ ಹಿಡಿದು ಎಳೆದಾಗ ಅರ್ಥವಾಯಿತು.

ಗುಂಡು ಹಾರಿಸುವ ಯೋಚನೆ ನನಗಿಲ್ಲ. ಬಿರುಕು ಬಿಟ್ಟ ಮರ, ಯಾರೂ ಪರೀಕ್ಷಿಸದ ಸ್ಪ್ರಿಂಗು. ಹಾರಿಸಲೇಬೇಕು ಅನ್ನುವವರು ಮೊದಲು ಬಂದೂಕು ರಿಪೇರಿ ಬಲ್ಲವರಿಗೆ ತೋರಿಸಿ. ನಮ್ಮನೆಯಲ್ಲಿ ಅದು ಗೋಡೆ ಮೇಲಿದೆ. ಆಯುಧ ಪೂಜೆಯ ದಿನ ಕಾರಿನ ಜೊತೆ ಅದಕ್ಕೂ ಕುಂಕುಮ ಬಿತ್ತು. ಹಚ್ಚಿದ್ದು ಕರ್ಟನ್ ರಾಡ್ ಅಂದವಳೇ.

ಯಾರಿಗೆ ಬೇಡ ಅಂತ ಹೇಳಿಬಿಡುತ್ತೇನೆ. ಡಬ್ಬ ಬಿಚ್ಚಿ ಅದೇ ದಿನ ಗೋಡೆಗೆ ಹಾಕಬೇಕು ಅನ್ನುವವರು ತೊಳೆದದ್ದನ್ನೇ ತಗೊಳ್ಳಿ. 'ಕೈಯಿಂದ ಆರಿಸುವ' ದುಡ್ಡು ಯಾರೂ ಕೊಡಬೇಡಿ. ಅದರ ಬದಲು ಬಟ್ ಹತ್ತಿರದ ಫೋಟೋ ಕೇಳಿ. ರೈಫಲ್‌ಗೆ ಐದಕ್ಕೆ ನಾಲ್ಕೂವರೆ, ಅಂಗಡಿಗೆ ಎರಡು.

ಆ ಎರಡರಲ್ಲಿ ಒಂದು ಆಮೇಲೆ ಸೇರಿಸಿದ್ದು. ಅಂಗಡಿಯ ವಿವರದಲ್ಲಿ ಬಟ್ ಮೇಲೆ 'ಸಂಸ್ಕೃತ ಮಂತ್ರ' ಇದೆ ಅಂತ ಬರೆದಿದ್ದರು. ಜಿಡ್ಡು ಹೋದ ಮೇಲೆ ನೋಡಿದೆ. ದೇವನಾಗರಿ ಅಂಕಿಗಳು. ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು ಒಹಾಯೋದ ಗ್ಯಾರೇಜಿನಲ್ಲಿ ಕೆಲಸಕ್ಕೆ ಬಂತು. ಮಂತ್ರ ಅಲ್ಲ ಸ್ವಾಮಿ, ಲೆಕ್ಕಕ್ಕೆ ಹಾಕಿದ ನಂಬರು, 342 ಅಂತ ಬರೆದು ಕಳಿಸಿದೆ. ಈ ಸಲ ಒಂದೇ ಗಂಟೆಯಲ್ಲಿ ಉತ್ತರ ಬಂತು, ಜೊತೆಗೆ ಇನ್ನೂ ಹನ್ನೊಂದು ಬಟ್‌ಗಳ ಫೋಟೋ. ಅವನ್ನೂ ಓದಿ ಹೇಳ್ತೀರಾ ಅಂತ. ಸರಿಯಾದ ಅಳತೆಯ ರಾಡ್ ಕಳಿಸಿದರೆ ಓದುತ್ತೇನೆ ಅಂದಿದ್ದೇನೆ.