ಫ್ಯಾಮಿಲಿಸರ್ಚ್: ಆಂಟಿಯ ತಾತ ಸಿಕ್ಕಿದ್ರು, ನಮ್ಮ ಮುತ್ತಾತ ಸಿಗ್ಲಿಲ್ಲ

ನಮ್ಮ ಕೆಳಗಿನ ಮನೇಲಿ ಒಬ್ರು ಆಂಗ್ಲೋ ಇಂಡಿಯನ್ ಆಂಟಿ ಇದಾರೆ, ಎಂಬತ್ತು ದಾಟಿದೆ, ಹುಟ್ಟಿ ಬೆಳೆದಿದ್ದೆಲ್ಲಾ ಕೆಜಿಎಫ್, ಚಾಂಪಿಯನ್ ರೀಫ್ ಕಡೆ. ಕನ್ನಡ, ತಮಿಳು, ಇಂಗ್ಲಿಷು ಮೂರೂ ಒಂದೇ ವಾಕ್ಯದಲ್ಲಿ ಬರುತ್ತೆ. ಒಂದಿನ ಕರೆಂಟ್ ಬಿಲ್ ಕಟ್ಟಿಕೊಡೋಕೆ ಹೋದಾಗ "ಏನ್ ಮ್ಯಾನ್, ದಿನಾ ಆ ಕಂಪ್ಯೂಟರ್ ಮುಂದೇನೇ ಕೂತಿರ್ತೀಯಲ್ಲ, ನನ್ನ ಗ್ರ್ಯಾಂಡ್‌ಪಾ ಎಲ್ಲಿಂದ ಬಂದಿದ್ದು ಅಂತ ನೋಡಿ ಹೇಳು" ಅಂದ್ರು. ಅವರಿಗೆ ಗೊತ್ತಿದ್ದಿದ್ದು ಇಷ್ಟೇ, ತಾತ ಇಂಗ್ಲೆಂಡಿನ ಯಾವ್ದೋ ಮೂಲೆಯಿಂದ ಬಂದು ಗಣಿಗೆ ಇಳಿದ್ರು, ಅಪ್ಪ ಇಲ್ಲೇ ಹುಟ್ಟಿದ್ರು. ಹಾಗಾಗಿ ಪೂರ್ವಿಕರ ಹಳೇ ದಾಖಲೆ ಹುಡುಕೋ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಲ್ಲಿ ಅಕೌಂಟ್ ಮಾಡ್ದೆ, ಎರಡು ತಿಂಗಳು ಅದರಲ್ಲೇ ಮುಳುಗಿದ್ದೆ, ಮನೆಯವಳ ಕೈಲಿ ಬೈಸಿಕೊಂಡೂ ಆಯ್ತು. ಇದು ಅದರ ರಿವ್ಯೂ.

ಮೊದಲು ಎಲ್ಲರೂ ಕೇಳೋದು ದುಡ್ಡಿನ ವಿಷ್ಯ. ಪೂರ್ತಿ ಫ್ರೀ. ಈಮೇಲ್ ಕೊಟ್ಟು ಅಕೌಂಟ್ ಮಾಡಿದ್ರೆ ಸಾಕು, ಕಾರ್ಡ್ ನಂಬರ್ ಎಲ್ಲೂ ಕೇಳಲ್ಲ. ಯಾಕೆ ಫ್ರೀ ಅಂದ್ರೆ ಇದನ್ನ ನಡೆಸೋದು ಅಮೆರಿಕದ ಯೂಟಾದಲ್ಲಿರೋ ಮಾರ್ಮನ್ ಚರ್ಚಿನೋರು. ಅವರ ನಂಬಿಕೆ ಪ್ರಕಾರ ಸತ್ತು ಹೋದ ಪೂರ್ವಿಕರಿಗೂ ಬದುಕಿರೋರು ಅವರ ಪರವಾಗಿ ನಿಂತು ದೀಕ್ಷೆ ಕೊಡಿಸಬಹುದು, ಅದಕ್ಕೇ ಪೂರ್ವಿಕರ ಹೆಸರು ಹುಡುಕೋದು ಅವರಿಗೆ ಧರ್ಮದ ಕೆಲಸ. 1894ರಲ್ಲೇ ಇದಕ್ಕೊಂದು ಸೊಸೈಟಿ ಮಾಡಿದ್ರು, 1938ರಿಂದ ಊರೂರು ತಿರುಗಿ ಚರ್ಚು, ಕೋರ್ಟು, ಆಫೀಸುಗಳ ರಿಜಿಸ್ಟರ್‌ನೆಲ್ಲಾ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದು ಒಂದು ಗ್ರಾನೈಟ್ ಬೆಟ್ಟ ಕೊರೆದು ಒಳಗೆ ಇಟ್ಟಿದಾರೆ. ಸುಮಾರು 24 ಲಕ್ಷ ರೋಲ್, ಅದನ್ನೆಲ್ಲಾ ಸ್ಕ್ಯಾನ್ ಮಾಡಿ ಮುಗಿಸಿದ್ದು 2021ರಲ್ಲಿ. ನಾವು ಪಿತೃಪಕ್ಷದಲ್ಲಿ ಮೂರು ತಲೆಮಾರಿನ ಹೆಸರು ಹೇಳೋಕೇ ತಡವರಿಸ್ತೀವಿ, ಇವರು ಪಕ್ಕದ ಮನೆಯೋರ ಮೂವತ್ತು ತಲೆಮಾರು ಹುಡುಕ್ತಾರೆ. ಆ ದೀಕ್ಷೆ ವಿಷ್ಯ ಕೆಲವರಿಗೆ ಇರುಸುಮುರುಸು ಆಗುತ್ತೆ, ಗೊತ್ತಿದ್ದೇ ಒಳಗೆ ಹೋಗೋದು ಒಳ್ಳೇದು. ಆಂಟಿಗೆ ಹೇಳಿದ್ರೆ "ಲೆಟ್ ದೆಮ್ ಮ್ಯಾನ್, ತಾತಂಗೆ ಈಗೇನಾಗುತ್ತೆ" ಅಂದ್ಬಿಟ್ರು.

ಹುಡುಕಾಟಕ್ಕೆ ಬರೋಣ. ಮೊದಲ ವಾರ ಏನೂ ಸಿಗ್ಲಿಲ್ಲ, ತಪ್ಪು ನಂದೇ. ಜಾಗದ ಕಾಲಮ್‌ನಲ್ಲಿ ಮೈಸೂರು, ಕೋಲಾರ ಅಂತ ಹಾಕ್ತಾ ಇದ್ದೆ. ಆಗಿನ ಕಾಲದಲ್ಲಿ ಬೆಂಗಳೂರು, ಕೆಜಿಎಫ್ ಕಡೆ ಚರ್ಚುಗಳ ಲೆಕ್ಕ ಹೋಗ್ತಾ ಇದ್ದಿದ್ದು ಮದ್ರಾಸಿಗೆ. ಪಾದ್ರಿಗಳು ಬ್ಯಾಪ್ಟಿಸಂ (ಮಗುವಿಗೆ ಚರ್ಚಲ್ಲಿ ಕೊಡೋ ದೀಕ್ಷೆ), ಮದುವೆ, ಸಮಾಧಿ ಮೂರರದ್ದೂ ಒಂದು ಪ್ರತಿ ಬರೆದು ಕಳಿಸ್ಬೇಕಿತ್ತು, ಅದು ಮದ್ರಾಸಿಂದ ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಂದ್ರೆ ಕೆಜಿಎಫ್‌ನ ಮಾರಿಕುಪ್ಪಂ ಹತ್ರ ಹುಟ್ಟಿದ ಮಗು ಹೆಸರು ಮದ್ರಾಸ್ ಅಂತ ಹಾಕಿದ್ರೇನೇ ಸಿಗೋದು. ಹಾಗೆ ಹಾಕಿದ ಮೇಲೆ ಆಂಟಿ ಅಪ್ಪ 1908ರ ಬ್ಯಾಪ್ಟಿಸಂನಲ್ಲಿ ಸಿಕ್ಕಿದ್ರು, ತಂದೆ ತಾಯಿ ಹೆಸರು ಸಮೇತ. ಇನ್ನೊಂದು ಟ್ರಿಕ್, ಹೆಸರು ಪೂರ್ತಿ ಟೈಪ್ ಮಾಡ್ಬೇಡಿ, ಮೊದಲ ಮೂರಕ್ಷರ ಹಾಕಿ ಮುಂದೆ ನಕ್ಷತ್ರದ ಚಿಹ್ನೆ ಹಾಕಿ. ಹಳೇ ಕೈಬರಹ ಓದಿ ಟೈಪ್ ಮಾಡಿರೋರು ಒಬ್ಬೊಬ್ರು ಒಂದೊಂದು ಥರ ಓದಿರ್ತಾರೆ.

ಆಂಟಿ ಮನೆತನದ ಹೆಸರು ಶುರುವಾಗೋದೇ ಟ್ರೆ ಅಂತ. ಟ್ರೆ, ಪೋಲ್, ಪೆನ್ ಅಂತ ಶುರುವಾದ್ರೆ ಕಾರ್ನ್‌ವಾಲಿನೋರು ಅಂತ ಅಲ್ಲಿನೋರೇ ಹೇಳ್ತಾರಂತೆ. ಕಾರ್ನ್‌ವಾಲ್ ಅಂದ್ರೆ ಇಂಗ್ಲೆಂಡಿನ ಕೆಳಗಿನ ಮೂಲೆ, ತವರ (ಟಿನ್), ತಾಮ್ರದ ಗಣಿಗಳ ಊರು. 1866ರ ಹೊತ್ತಿಗೆ ತಾಮ್ರದ ರೇಟ್ ಬಿದ್ದು ಒಂದೊಂದೇ ಗಣಿ ಮುಚ್ಚಿ ಜನ ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾ ಅಂತ ಹೊರಟುಹೋದ್ರು. 1880ರಲ್ಲಿ ಜಾನ್ ಟೇಲರ್ ಕಂಪ್ನಿ ನಮ್ಮ ಕೋಲಾರದ ಗಣಿ ಕೈಗೆ ತಗೊಂಡ ಮೇಲೆ ಅದೇ ಜನರನ್ನ ಇಲ್ಲಿಗೂ ಕರೆಸಿತು. ಇದು ಗೊತ್ತಾದ ಮೇಲೆ ದಾರಿ ಸಲೀಸು.

ಇಂಗ್ಲೆಂಡಲ್ಲಿ 1881ರ ಏಪ್ರಿಲ್ 3ಕ್ಕೆ ನಡೆದ ಜನಗಣತಿ ಪೂರ್ತಿ ಟೈಪ್ ಮಾಡಿ ಫ್ಯಾಮಿಲಿಸರ್ಚಲ್ಲಿ ಫ್ರೀ ಆಗಿ ಹಾಕಿದಾರೆ, ಸ್ವಯಂಸೇವಕರು ವರ್ಷಗಟ್ಟಲೆ ಕೂತು ಮಾಡಿರೋ ಕೆಲಸ. ಕ್ಯಾಂಬೋರ್ನ್ ಊರಲ್ಲಿ ಒಂದು ಮನೆ. ಯಜಮಾನ ತವರದ ಗಣಿ ಕೆಲಸಗಾರ, ಹೆಂಡ್ತಿ, 16 ವರ್ಷದ ಮಗಳು ಗಣಿ ಹೊರಗೆ ಅದಿರು ಹಸನು ಮಾಡೋ ಕೆಲಸ, ಆಮೇಲೆ 7 ವರ್ಷದ ಹುಡುಗ, ಕಸುಬು ಅನ್ನೋ ಕಡೆ "ಸ್ಕಾಲರ್" ಅಂತ ಬರೆದಿದೆ! ಸ್ಕೂಲಿಗೆ ಹೋಗೋ ಮಕ್ಕಳಿಗೆಲ್ಲಾ ಹಂಗೇ ಬರೀತಿದ್ರಂತೆ. ಅದೇ ಆಂಟಿ ತಾತ. 1891ರ ಗಣತಿಗೆ ಸ್ಕಾಲರ್ ಹೋಗಿ ಗಣಿ ಕೆಲಸ, 1901ರಲ್ಲಿ ಆ ಮನೇಲಿ ಅವರಿಲ್ಲ. ಎಲ್ಲಿಗೆ ಬಂದ್ರು ಅಂತ ನಮಗೆ ಗೊತ್ತು, ಇಲ್ಲಿ ಕೆಜಿಎಫ್‌ಗೆ. ಆಂಟಿಗೆ ಓದಿ ಹೇಳ್ದಾಗ ಅವರು ಕೇಳಿದ್ದು ಒಂದೇ, ಆ ಹದಿನಾರು ವರ್ಷದ ಹುಡುಗಿ ಆಮೇಲೆ ಏನಾದ್ಲು ಅಂತ. ಇನ್ನೂ ಹುಡುಕ್ತಾ ಇದೀನಿ. ಹೆಣ್ಮಕ್ಕಳು ಮದುವೆ ಆಗಿ ಹೆಸರು ಬದಲಾದ್ರೆ ಕಷ್ಟ, ಫ್ರೀಬಿಎಂಡಿ ಅಂತ ಇನ್ನೊಂದು ಫ್ರೀ ಸೈಟಿದೆ, ಇಂಗ್ಲೆಂಡಿನ 1837ರಿಂದ ಈಚಿನ ಹುಟ್ಟು, ಮದುವೆ, ಸಾವಿನ ಇಂಡೆಕ್ಸ್, ಅದ್ರಲ್ಲಿ ನೋಡ್ಬೇಕು.

ಎಚ್ಚರಿಕೆ ಎರಡು ಮೂರಿದೆ. ಭಾರತದ ಬ್ಯಾಪ್ಟಿಸಂ ಇಂಡೆಕ್ಸಲ್ಲಿ ಬರೀ ಹೆಸರು ದಿನಾಂಕ, ರಿಜಿಸ್ಟರ್ ಪುಟದ ಫೋಟೋ ಬೇಕಂದ್ರೆ ದುಡ್ಡಿನ ಸೈಟಿಗೆ ಹೋಗ್ಬೇಕು. ಕೆಲವು ಫೋಟೋ ಫ್ಯಾಮಿಲಿಸರ್ಚಿನೋರ ಸೆಂಟರ್‌ಗೇ ಹೋಗಿ ನೋಡ್ಬೇಕು. ಹೆಸರು ಹೇಳಲ್ಲ, ನಾನು ಒಂದು ದುಡ್ಡಿನ ಸೈಟಿಗೆ ಒಂದೇ ತಿಂಗಳು ಅಂತ ಸೇರಿ ಕ್ಯಾನ್ಸಲ್ ಮಾಡೋಕೆ ಮರೆತು ಎರಡನೇ ತಿಂಗಳ ದುಡ್ಡೂ ಕೊಟ್ಟೆ, ಸೇರಿದ ದಿನವೇ ಫೋನಲ್ಲಿ ರಿಮೈಂಡರ್ ಇಡಿ. ಮತ್ತೆ ಫ್ಯಾಮಿಲಿಸರ್ಚಿನ ವಂಶವೃಕ್ಷ ಎಲ್ಲರಿಗೂ ಸೇರಿ ಒಂದೇ, ನೀವು ಬರೆದಿದ್ದನ್ನ ಇನ್ಯಾರೋ ತಿದ್ದಬಹುದು. ಬದುಕಿರೋರ ಮಾಹಿತಿ ಮಾತ್ರ ಬೇರೆಯವರಿಗೆ ಕಾಣಲ್ಲ.

ಆಂಟಿ ಅಜ್ಜಿ ಕಡೆ ಮಾತ್ರ ದಾರಿ ಅಲ್ಲಿಗೇ ನಿಂತ್ಹೋಯ್ತು. ಮದುವೆ ದಾಖಲೆಯಲ್ಲಿ ಒಂದು ಕ್ರಿಶ್ಚಿಯನ್ ಹೆಸರು, ಅಪ್ಪನ ಹೆಸರು, ಅಷ್ಟೇ. ತಮಿಳು ಕುಟುಂಬ ಅಂತ ಆಂಟಿಗೆ ಗೊತ್ತು, ಸೈಟಿಗೆ ಗೊತ್ತಿಲ್ಲ.

ಆಮೇಲೆ ಆಸೆ ತಡೀಲಾರದೆ ನಮ್ಮ ಮುತ್ತಾತನ್ನೂ ಹುಡುಕೋಣ ಅಂತ ಕೂತೆ. ಬಂಗಾರಪೇಟೆ ಕಡೆ ಹಳ್ಳಿ, ಗಣಿಗೆ ಗಾಡೀಲಿ ಸೌದೆ ಹೊಡೀತಿದ್ರು, ಅಂದ್ರೆ ಆ "ಸ್ಕಾಲರ್" ತಾತನ್ನ ನಮ್ಮ ಮುತ್ತಾತ ಕಣ್ಣಲ್ಲಿ ನೋಡಿದ್ರೂ ನೋಡಿರಬಹುದು. ನಮ್ಮಲ್ಲೂ ಅದೇ ವರ್ಷ, 1881 ಫೆಬ್ರವರಿ 17ಕ್ಕೆ ಗಣತಿ ಆಯ್ತು, ಇಂಗ್ಲೆಂಡಿಗಿಂತ ಒಂದೂವರೆ ತಿಂಗಳು ಮುಂಚೆ. ಆದ್ರೆ ನಮಗೆ ಉಳಿದಿರೋದು ಕೋಷ್ಟಕ ಮಾತ್ರ, ಇಷ್ಟು ಗಂಡು ಇಷ್ಟು ಹೆಣ್ಣು ಇಷ್ಟು ಮನೆ. ಅಮೆರಿಕದಲ್ಲಿ 72 ವರ್ಷ ಆದ್ಮೇಲೆ ಹೆಸರು ಬಿಡ್ತಾರೆ, 1950ರದ್ದು 2022ರಲ್ಲಿ ಬಿಟ್ರು. ಇಲ್ಲಿ 1948ರ ಕಾಯ್ದೆ ಪ್ರಕಾರ ಗಣತಿಯ ಮನೆ ಪಟ್ಟಿ ಯಾರೂ ನೋಡೋ ಹಾಗೇ ಇಲ್ಲ. ಸರಿ ಸಾವಿನ ರಿಜಿಸ್ಟರ್ ನೋಡೋಣ ಅಂತ ಒಂದು ಸರ್ಕಾರಿ ಆಫೀಸಿಗೆ ಮೂರು ಸಲ ಹೋದೆ, ಮೂರನೇ ಸಲ ಸಿಕ್ಕಿದ್ದು "ದಾಖಲೆ ಲಭ್ಯವಿಲ್ಲ" ಅಂತ ಒಂದು ಹಿಂಬರಹ, ಸೀಲ್ ಮಾತ್ರ ಚೆನ್ನಾಗಿ ಬಿದ್ದಿತ್ತು. ಸಿಕ್ಕಿದ್ದು ಜಮೀನಿನ ಹಳೇ ಕಾಗದದಲ್ಲಿ, ಸರ್ವೆ ನಂಬರ್ ಪಕ್ಕ ಮುತ್ತಾತನ ಹೆಸರು, ಅವರಪ್ಪನ ಹೆಸರು ಬಿನ್ ಅಂತ ಸೇರಿಸಿ. ನಮ್ಮ ಕಡೆಯೋರು ಹುಡುಕೋದಾದ್ರೆ ಅಲ್ಲಿಂದ ಶುರು ಮಾಡಿ, ಸೈಟಿಂದ ಅಲ್ಲ.

1871ರಲ್ಲಿ ಮೈಸೂರು ಸೀಮೆಯಲ್ಲಿ ಜನ 50 ಲಕ್ಷದ ಮೇಲಿದ್ರು, 1881ಕ್ಕೆ 42 ಲಕ್ಷದ ಹತ್ರ. ನಡುವೆ ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದ್ರೆ 1876ರಿಂದ 78ರವರೆಗೆ ಬಿದ್ದ ಬರ. ಮುತ್ತಾತ ಹುಟ್ಟಿದ್ದು ಆ ಬರದಲ್ಲೇ, ಹಾಗಾಗಿ ಆ 42 ಲಕ್ಷದಲ್ಲಿ ಮೂರು ವರ್ಷದ ಒಬ್ಬ ಹುಡುಗ ಅವರೇ, ಹೆಸರಿಲ್ಲ ಅಷ್ಟೇ.

ಸ್ಟಾರ್ ಕೊಡೋದಾದ್ರೆ ಆಂಗ್ಲೋ ಇಂಡಿಯನ್ ಮನೆಯೋರಿಗೆ, ವಿದೇಶದಲ್ಲಿ ಬೇರಿರೋರಿಗೆ ಐದಕ್ಕೆ ಐದು. ಕೋಲಾರದ ರೈತನ ಮೊಮ್ಮಕ್ಕಳಿಗೆ ಎರಡು, ಅದೂ ವಂಶವೃಕ್ಷ ಬರೆದಿಡೋಕೆ ಜಾಗ ಕೊಟ್ಟಿದ್ದಕ್ಕೆ. ಮುತ್ತಾತನ್ನ ನಾನೇ ಸೇರಿಸ್ದೆ. ಹುಟ್ಟಿದ ವರ್ಷ 1877 ಅಂತ ಹಾಕಿದ ಕೂಡ್ಲೇ ಈ ಮಾಹಿತಿ ಸರಿ ಅಂತ ಹೇಗೆ ಗೊತ್ತು ಅಂತ ಒಂದು ಡಬ್ಬಿ ಬಂತು, "ಈಶ್ವರ ಸಂವತ್ಸರದಲ್ಲಿ ಹುಟ್ಟಿದ್ದು, ಅಜ್ಜಿ ಹೇಳಿದ್ರು" ಅಂತ ಕನ್ನಡದಲ್ಲೇ ಟೈಪ್ ಮಾಡಿ ಸೇವ್ ಒತ್ತಿದೆ.