ಮಾಂಡೋವಿಯ ಹಡಗೋ, ಹೋಟೆಲ್ ಕ್ಯಾಸಿನೋವೋ, ಪುಣೆಯ ರೇಸೋ?

ಹುಬ್ಬಳ್ಳಿಯಿಂದ ಬರುವ ಗೆಳೆಯರು ಗೋವಾದ ವಾಸ್ಕೋದಲ್ಲಿರುವ ನಮ್ಮನ್ನು ಕೇಳುವುದು ಇದನ್ನೇ: ಜೂಜಾಡಲು ಎಲ್ಲಿಗೆ ಹೋಗುವುದು?

ರೂಲೆಟ್ (ತಿರುಗುವ ಚಕ್ರದ ಜೂಜು), ಇಸ್ಪೀಟು ಮೇಜು ಬೇಕಿದ್ದರೆ ಪಣಜಿಯ ಮಾಂಡೋವಿ ನದಿಯ ಕ್ಯಾಸಿನೋ ಹಡಗೇ ಸರಿ. ಟಿಕೆಟ್ ಜಾಸ್ತಿ, ಆದರೆ ಊಟ, ಹಾಡು-ಕುಣಿತ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಟಿಕೆಟ್ ಜೊತೆ ಕೊಡುವ ಚಿಪ್ಸ್ (ಹಣದ ಬದಲು ಆಡುವ ಬಿಲ್ಲೆಗಳು) ಬಗ್ಗೆ ಮೊದಲೇ ಕೇಳಿಕೊಳ್ಳಿ. ಎಷ್ಟೋ ಸಲ ಅವನ್ನು ಆಡಬಹುದು ಅಷ್ಟೇ, ನೇರವಾಗಿ ಕ್ಯಾಷ್ ಮಾಡಲಾಗದು. ಗೆದ್ದದ್ದು ಮಾತ್ರ ಕೈಗೆ. ಇದು ಗೊತ್ತಿಲ್ಲದೆ ಬೇಜಾರಾದವರನ್ನು ನೋಡಿದ್ದೇನೆ.

ಹೋಟೆಲ್‌ಗಳಲ್ಲಿ ಕಾನೂನು ಬಿಡುವುದು ಯಂತ್ರದ ಆಟಗಳನ್ನು ಮಾತ್ರ. ದೋಣಿ ಹತ್ತುವ ತಾಪತ್ರಯವಿಲ್ಲ. ಒಂದು ಗಂಟೆ ಆಡಿ ಎದ್ದು ಬರುವವರಿಗೆ ಇದೇ ಚೆನ್ನ. ಹಡಗು, ಹೋಟೆಲ್ ಎರಡಕ್ಕೂ 21 ವರ್ಷ ತುಂಬಿರಬೇಕು.

ಕ್ರಿಕೆಟ್ ಬೆಟ್ಟಿಂಗ್? ಅದಕ್ಕೆ ಈ ಕಡೆ ಎಲ್ಲೂ ಅನುಮತಿಯಿಲ್ಲ, ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ಪಣ ಕಟ್ಟುವ ಆಸೆಯಿದ್ದರೆ ಕುದುರೆ ರೇಸ್ ಇದೆ: ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿ. ಅಲ್ಲಿ ಪುಕ್ಕಟೆ ಊಟವಿಲ್ಲ, ಆದರೆ ಸಣ್ಣ ಮೊತ್ತಕ್ಕೂ ಪಣದ ಟಿಕೆಟ್ ಸಿಗುತ್ತದೆ.