ಒಂದೇ ಮಾಡೆಲ್‌ನ ಎರಡು ರ‍್ಯಾಮ್ ಕಿಟ್ ಸೇರಿಸಿ ಹಾಕುವ ಯೋಚನೆ ಇದ್ದರೆ ಇದನ್ನು ಓದಿ

ಕಂಪನಿ, ಮಾಡೆಲ್ ನಂಬರ್, ವೇಗ ಎಲ್ಲವೂ ಒಂದೇ ಇರಬಹುದು. ಆದರೂ ಬೇರೆ ಬೇರೆಯಾಗಿ ಕೊಂಡ ಎರಡು ಕಿಟ್ (ಒಂದು ಡಬ್ಬಿಯಲ್ಲಿ ಜೊತೆಯಾಗಿ ಬರುವ ಸ್ಟಿಕ್‌ಗಳು) ಒಟ್ಟಿಗೆ ಸರಿಯಾಗಿ ನಡೆಯುತ್ತವೆ ಅನ್ನುವುದಕ್ಕೆ ಖಾತ್ರಿ ಇಲ್ಲ. ಕೊಳ್ಳುವ ಮುಂಚೆ ನಾನು ಇದನ್ನೇ ಕೇಳಿದ್ದೆ. "ಅದೇ ಮಾಡೆಲ್ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ" ಅಂದರು ಮಾರುವವರು.

ನನ್ನದು ಎಎಮ್‌ಡಿ ಕಂಪನಿಯ ರೈಜನ್ 7000 ಸರಣಿಯ ಪ್ರೊಸೆಸರ್, ಎಎಮ್5 ಬೋರ್ಡ್. 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್‌ಗಳು ಎಕ್ಸ್‌ಪೋ (ರ‍್ಯಾಮ್‌ನ ವೇಗ ಹೆಚ್ಚಿಸುವ ಸೆಟ್ಟಿಂಗ್) ಆನ್ ಮಾಡಿ 6000 ವೇಗದಲ್ಲಿ ಚೆನ್ನಾಗಿ ಓಡುತ್ತಿದ್ದವು. ಅದೇ ಕಿಟ್ ಇನ್ನೊಂದು ತಂದು, ಖಾಲಿ ಸ್ಲಾಟ್ ತುಂಬಿಸಿ 64 ಜಿಬಿ ಮಾಡಿದೆ. ಮೊದಲ ಸಲ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಅದು ಮೆಮೊರಿ ಟ್ರೇನಿಂಗ್, ಅಂದರೆ ಹೊಸ ರ‍್ಯಾಮ್‌ಗೆ ಕಂಪ್ಯೂಟರ್ ಹೊಂದಿಕೊಳ್ಳುವ ಕೆಲಸ. ಅದಕ್ಕೆ ಹೆದರಬೇಕಿಲ್ಲ. ಆಮೇಲೆ ವಿಂಡೋಸ್ ಬಂತು, 64 ಜಿಬಿ ತೋರಿಸಿತು. ಬೂಟೇ ಆಗದಿದ್ದರೆ ಎಷ್ಟೋ ವಾಸಿಯಿತ್ತು.

ಯಾಕೆಂದರೆ ಹಾಳಾಗಿದ್ದು ಫೈಲ್‌ಗಳು. ಬ್ಯಾಕಪ್ ಮಾಡಿದ ಜಿಪ್ ಬಿಚ್ಚಲು ಹೋದರೆ, ಫೈಲ್ ಕೆಟ್ಟಿದೆ ಎನ್ನುವ ಸಿಆರ್‌ಸಿ ಎರರ್. ಒಂದೇ ಫೈಲ್‌ಗೆ ಬೆನ್ನುಬೆನ್ನಿಗೆ ಎರಡು ಸಲ, ಒಳಗಿನ ಡೇಟಾದಿಂದ ಲೆಕ್ಕ ಹಾಕುವ ಸಂಖ್ಯೆಯಾದ ಚೆಕ್‌ಸಮ್ ಹಾಕಿದರೆ ಎರಡು ಬೇರೆ ಉತ್ತರ! ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ನೋಡಿದೆ. ಹಳೆಯ ಜೋಡಿ ಮಾತ್ರ ಇದ್ದಾಗ ಒಂದೂ ಎರರ್ ಇಲ್ಲ, ಹೊಸದು ಮಾತ್ರ ಇದ್ದಾಗಲೂ ಇಲ್ಲ. ನಾಲ್ಕೂ ಸೇರಿದರೆ ಪರದೆ ತುಂಬ ಕೆಂಪು ಸಾಲು. ವಾಪಸ್ ಕೊಡಲು ಹೋದರೆ "ಸ್ಟಿಕ್‌ನಲ್ಲಿ ದೋಷವಿಲ್ಲವಲ್ಲ" ಎಂದು ಕೈತೊಳೆದುಕೊಂಡರು. ಸ್ಟಿಕ್‌ನಲ್ಲಿ ದೋಷ ಇರಲಿಲ್ಲ, ನಿಜ. ಕೊಟ್ಟ ಭರವಸೆಯಲ್ಲಿ ಇತ್ತು.

ಎಎಮ್‌ಡಿಯ ಸ್ಪೆಸಿಫಿಕೇಶನ್ ಪುಟದಲ್ಲೇ ಈ ಪ್ರೊಸೆಸರ್‌ಗಳಿಗೆ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600 ಎಂದಿದೆ. ಅಂದರೆ ಎರಡರಲ್ಲಿ 6000 ಓಡಿಸುವುದೇ ನಿಗದಿತ ವೇಗ ಮೀರಿದ ಓವರ್‌ಕ್ಲಾಕ್. ನಾಲ್ಕರಲ್ಲಿ ಅದನ್ನೇ ಬಯಸಿದರೆ ಪ್ರೊಸೆಸರ್‌ ಒಳಗಿನ ಮೆಮೊರಿ ಕಂಟ್ರೋಲರ್ ಮೇಲಿನ ಹೊರೆ ವಿಪರೀತ. ಎಕ್ಸ್‌ಪೋ ಆಫ್ ಮಾಡಿ 3600ಕ್ಕೆ ಇಳಿಸಿದ ಮೇಲೆ ನನ್ನ ನಾಲ್ಕು ಸ್ಟಿಕ್‌ಗಳೂ ಎರರ್ ಕೊಡದೆ ಸುಮ್ಮನಾದವು. ಇನ್ನೊಂದು ವಿಷಯ: ಒಂದು ಡಬ್ಬಿಯಲ್ಲಿ ಬರುವ ಸ್ಟಿಕ್‌ಗಳನ್ನು ಜೊತೆಯಾಗಿ ಪರೀಕ್ಷಿಸಿರುತ್ತಾರೆ. ಅದೇ ಮಾಡೆಲ್‌ನ ಇನ್ನೊಂದು ಡಬ್ಬಿಯಲ್ಲಿ ಹೈನಿಕ್ಸ್ ಬದಲು ಸ್ಯಾಮ್‌ಸಂಗ್ ಅಥವಾ ಮೈಕ್ರಾನ್ ಚಿಪ್ ಇರಬಹುದು, ಒಳಗಿನ ಟೈಮಿಂಗ್ ಬೇರೆಯಿರಬಹುದು.

"ಡಿಡಿಆರ್5ನಲ್ಲಿ ಇಸಿಸಿ ಇದೆಯಲ್ಲ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಇಸಿಸಿ ಎಂದರೆ ತಪ್ಪು ತಿದ್ದುವ ವ್ಯವಸ್ಥೆ, ಆದರೆ ಆ ತಿದ್ದುಪಡಿ ಚಿಪ್‌ನ ಒಳಗಷ್ಟೇ. ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಆಗುವ ತಪ್ಪನ್ನು ಅದು ಹಿಡಿಯುವುದಿಲ್ಲ.

64 ಜಿಬಿ ಬೇಕಿದ್ದರೆ 32ರ ಎರಡು ಸ್ಟಿಕ್ ಇರುವ ಒಂದೇ ಕಿಟ್ ತೆಗೆದುಕೊಳ್ಳಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಕೂರಿಸಬೇಕು, ಮ್ಯಾನ್ಯುಯಲ್ ನೋಡಿಕೊಳ್ಳಿ. ಬೋರ್ಡ್ ಕಂಪನಿಯ ಕ್ಯೂವಿಎಲ್ (ಪರೀಕ್ಷಿಸಿ ಒಪ್ಪಿದ ರ‍್ಯಾಮ್‌ಗಳ) ಪಟ್ಟಿಯಲ್ಲಿ ಮಾಡೆಲ್ ನಂಬರ್ ಪೂರ್ತಿ ಹೊಂದಿಸಿ, ಎಷ್ಟು ಸ್ಟಿಕ್‌ಗೆ ಪರೀಕ್ಷೆ ಆಗಿದೆ ಅನ್ನುವ ಕಾಲಮ್ ಕೂಡ ಓದಿ. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಮಾರುವವರಿಂದ ಬರೆಸಿಕೊಳ್ಳಿ. ಈಗಾಗಲೇ ನಾಲ್ಕು ಸ್ಟಿಕ್ ಹಾಕಿದ್ದರೆ ಇವತ್ತೇ ಮೆಮ್‌ಟೆಸ್ಟ್ ಹಾಕಿ. ಎರರ್ ಬಂದರೆ, ಹಾಕಿದಂದಿನಿಂದ ಕಾಪಿ ಮಾಡಿದ ಫೋಟೋ, ಬ್ಯಾಕಪ್‌ಗಳನ್ನೆಲ್ಲ ತೆರೆದು ನೋಡುವವರೆಗೂ ಮೂಲ ಪ್ರತಿ ಅಳಿಸಬೇಡಿ.